ಕೈ ಹೋದಲ್ಲಿ ಕಣ್ಣು ಹೋಗದು

ಹಳೆಯ ಕಾರೊಂದನ್ನು ಮನೆಯಲ್ಲಿ ಇಟ್ಟುಕೊಂಡವನನ್ನು ಕಂಡರೆ ಊರಿನವರಿಗೆ ಎರಡು ಬಗೆಯ ಭಾವನೆಗಳು ಹುಟ್ಟುತ್ತವೆ. ಗಾಡಿ ಓಡಿದ ದಿನ ಆತನು ರಸಿಕ. ನಿಂತ ದಿನ ಆತನು ಹುಚ್ಚ. ವರ್ಷದ ಹೆಚ್ಚು ದಿನಗಳನ್ನು ನಾನು ಈ ಎರಡನೆಯ ಪದವಿಯಲ್ಲಿಯೇ ಕಳೆದವನು. ಆದುದರಿಂದ ಇಕ್ಕಟ್ಟಾದ ಹಳೆಯ ಕಾರನ್ನು ಮನೆಯಂಗಳದಲ್ಲಿ ರಿಪೇರಿ ಮಾಡುವುದೆಂದರೆ ಏನು, ಅದರಲ್ಲಿ ಒಳ್ಳೆಯ ಮನುಷ್ಯರ ತಾಳ್ಮೆಯೂ ಕೆಡುವುದೇಕೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಲು ನನಗೆ ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ನಮ್ಮೂರು ಎಮ್ಮಿಗನೂರು. ಕಂಪ್ಲಿಯ ಸೀಮೆ, ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಎರೆಹೊಲಗಳು ಗದ್ದೆಗಳಾದ ನಾಡು. ಇಲ್ಲಿ ಟ್ರ್ಯಾಕ್ಟರಿಗೆ ವೈದ್ಯರುಂಟು. ಭತ್ತದ ಲಾರಿಗೆ ವೈದ್ಯರುಂಟು. ಹೊಸಪೇಟೆ, ಸಂಡೂರುಗಳ ಕಡೆಗೆ ಹೋದರೆ ಅದಿರಿನ ಲಾರಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಧನ್ವಂತರಿಗಳೇ ಇದ್ದಾರೆ. ಆದರೆ 1978ನೆಯ ಇಸವಿಯ ಪ್ರೀಮಿಯರ್ ಪದ್ಮಿನಿಗೆ ವೈದ್ಯರಿಲ್ಲ. ನನ್ನ ತಂದೆಯವರು ಶಾಲೆಯ ಮೇಷ್ಟರಾಗಿದ್ದಾಗ ಮತ್ತೊಬ್ಬರ ಕೈಯಿಂದ ಕೊಂಡ ಈ ಗಾಡಿ ನಮ್ಮ ಬೇವಿನ ಮರದ ಕೆಳಗೆ ನಿಂತು ಹತ್ತಿರ ಹತ್ತಿರ ನಾಲ್ಕು ದಶಕಗಳಾದುವು. ಅವರಿಗೆ ಈಗ ಎಂಬತ್ತು ದಾಟಿದೆ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ ಉಂಟು. ಅವರ ಕಣ್ಣಿನ ನರಕ್ಕೆ ತಗುಲಿದ ರೋಗಕ್ಕೆ, ಹೋದ ದೃಷ್ಟಿಯನ್ನು ಮರಳಿ ತರುವ ಮದ್ದಿಲ್ಲ. ಬೆಳಕು ಇದೆ, ಆಕಾರಗಳಿವೆ, ಅಷ್ಟೇ. ಗಾಡಿಯನ್ನು ಗುಜರಿಗೆ ಹಾಕಬೇಕೆ, ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಎದ್ದಾಗ ಮನೆಯಲ್ಲಿ ಎಲ್ಲರೂ ಮೊದಲ ಪಕ್ಷವಹಿಸಿದರು. ತಂದೆಯವರು ಏನೂ ಹೇಳಲಿಲ್ಲ. ಆ ಮೌನಕ್ಕೆ ಹೆದರಿಯೇ ನಾನು ಸ್ಪ್ಯಾನರು ಹಿಡಿದುದು.

ಗಾಡಿಯ ಕುಲಗೋತ್ರವನ್ನು ಮೊದಲು ಹೇಳಿಬಿಡುತ್ತೇನೆ. ಇಟಲಿಯ ಫಿಯೆಟ್ ಕಂಪನಿಯ 1100 ಎಂಬ ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ನಮ್ಮಲ್ಲಿ ತಯಾರಿಸಿತು. 1964ರಲ್ಲಿ ಬಂದ 'ಡಿಲೈಟ್' ಎಂಬ ರೂಪವೇ ಎಪ್ಪತ್ತರ ದಶಕದಲ್ಲಿ 'ಪ್ರೆಸಿಡೆಂಟ್' ಎನಿಸಿಕೊಂಡು, ಬಳಿಕ 'ಪದ್ಮಿನಿ' ಎಂಬ ಹೆಸರು ಪಡೆದು ಆ ಶತಮಾನದ ಕೊನೆಯವರೆಗೂ ಬಾಳಿತು. ಎಂಜಿನ್ನು ನಾಲ್ಕು ಸಿಲಿಂಡರಿನದು. ಸಿಲಿಂಡರಿನ ವ್ಯಾಸ 68 ಮಿಲಿಮೀಟರ್, ಪಿಸ್ಟನ್ನಿನ ನಡೆ 75 ಮಿಲಿಮೀಟರ್, ಒಟ್ಟು ಗಾತ್ರ 1089 ಘನ ಸೆಂಟಿಮೀಟರ್. ಗಾಡಿಯ ಉದ್ದ ನಾಲ್ಕು ಮೀಟರಿಗೆ ತುಸು ಕಡಿಮೆ. ಅಗಲ ಒಂದೂವರೆ ಮೀಟರಿಗೂ ಕಡಿಮೆ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮೂರು ತಲೆಮಾರುಗಳನ್ನು ಹೊತ್ತುದು ಇದೇ ಗಾಡಿ. 2023ರ ಅಕ್ಟೋಬರಿನಲ್ಲಿ ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ತುಂಬಿ ಆ ಅಧ್ಯಾಯ ಮುಗಿಯಿತು.

ಈಗ ಇಕ್ಕಟ್ಟಿನ ವಿಚಾರಕ್ಕೆ ಬರೋಣ. ಕುವೆಂಪು ಅವರ ಮನೆಯಲ್ಲಿ ಸ್ಟುಡಿಬೇಕರ್ ಕಾರು ಇದ್ದುದನ್ನು ಸಾಹಿತ್ಯಪ್ರಿಯರು ಬಲ್ಲರು. ಅಮೆರಿಕೆಯ ಆ ಕಾಲದ ಗಾಡಿಗಳ ಬಾನೆಟ್ಟು ತೆಗೆದರೆ ಎಂಜಿನ್ನಿನ ಸುತ್ತ ಕೈಯಾಡಿಸಲು ಧಾರಾಳ ಅವಕಾಶ, ಉಗ್ರಾಣದಂತಹ ಜಾಗ. ಎರಡನೆಯ ಮಹಾಯುದ್ಧದ ಬಳಿಕ ಯುರೋಪು ಬಡವಾಯಿತು, ಪೆಟ್ರೋಲು ತುಟ್ಟಿಯಾಯಿತು, ರಸ್ತೆಗಳು ಮೊದಲೇ ಕಿರಿದು. ಅಲ್ಲಿಯ ವಿನ್ಯಾಸಕಾರನು ಗಾಡಿಯನ್ನು ಕುಗ್ಗಿಸಲೇಬೇಕಾಯಿತು. ಕುಗ್ಗಿಸುವುದು ಯಾವುದನ್ನು? ಒಳಗೆ ಕುಳಿತುಕೊಳ್ಳುವ ಮನುಷ್ಯನು ಕುಗ್ಗುವುದಿಲ್ಲ. ಅವನ ಮೊಣಕಾಲು ಯಾವ ಆರ್ಥಿಕ ಮುಗ್ಗಟ್ಟಿಗೂ ಬಗ್ಗುವುದಿಲ್ಲ. ಆದುದರಿಂದ ಯಂತ್ರದ ಪಾಲಿನ ಜಾಗವೇ ಕುಗ್ಗಿತು.

ಈ ತರ್ಕವನ್ನು ಅದರ ತುದಿಗೆ ಒಯ್ದವನು ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕಾರ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಆತನಿಗೆ ಪುಟ್ಟ ಕಾರೊಂದನ್ನು ರೂಪಿಸುವ ಕೆಲಸ ಬಂದಿತು. 1959ರಲ್ಲಿ ಹೊರಬಂದ 'ಮಿನಿ'ಯ ಉದ್ದ ಕೇವಲ ಹತ್ತು ಅಡಿ. ಉದ್ದಕ್ಕೆ ಮಲಗಬೇಕಾದ ಎಂಜಿನ್ನನ್ನು ಆತನು ಅಡ್ಡ ತಿರುಗಿಸಿದ; ಗೇರುಪೆಟ್ಟಿಗೆಯನ್ನು ಎಂಜಿನ್ನಿನ ಕೆಳಗೆ, ಎಣ್ಣೆ ನಿಲ್ಲುವ ತೊಟ್ಟಿಯೊಳಗೇ ತುರುಕಿದ. ನಾಲ್ವರು ಕುಳಿತುಕೊಳ್ಳುವ ಕಾರು ಸಿದ್ಧವಾಯಿತು; ಜಗತ್ತು ಕೈ ಚಪ್ಪಾಳೆ ತಟ್ಟಿತು. ಆದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಮುಂಭಾಗದ ಜಾಲರಿಗೆ ಮುಖಮಾಡಿ ಕುಳಿತುದರಿಂದ, ಜೋರು ಮಳೆಯಲ್ಲಿ ನೀರು ಚಿಮ್ಮಿ ಗಾಡಿ ನಿಂತುಬಿಡುತ್ತಿತ್ತು. ಜಾಗ ಉಳಿಸಿದುದರ ಬೆಲೆಯನ್ನು ಯಾರೋ ಒಬ್ಬರು ಎಲ್ಲೋ ಒಂದು ಕಡೆ ಮಳೆಯಲ್ಲಿ ನಿಂತು ತೆರಬೇಕಾಯಿತು. ಅಡ್ಡ ಎಂಜಿನ್ನಿನ ಪದ್ಧತಿ 1983ರಲ್ಲಿ ಮಾರುತಿ 800ರೊಡನೆ ನಮ್ಮ ಬೀದಿಗಳಿಗೂ ಬಂದು, ಇಂದು ಸಣ್ಣ ಕಾರುಗಳ ಸಾಮಾನ್ಯ ಧರ್ಮವೇ ಆಗಿದೆ.

ಇದಕ್ಕೆ ಅಪವಾದಗಳೂ ಉಂಟು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ಟು ತನ್ನ ಎರಡು ರೆಕ್ಕೆಗಳ ಸಮೇತ ಮುಂದಕ್ಕೆ ಬಾಗುತ್ತಿತ್ತು. ಚಕ್ರದ ಮೇಲೆ ಕುಳಿತು ಎಂಜಿನ್ನಿನೊಡನೆ ಹರಟೆ ಹೊಡೆಯಬಹುದಾಗಿತ್ತು. ನಮ್ಮ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1982ರಲ್ಲಿ ಹೊರತಂದ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿಯ ಕನ್ನಡ ನೆಲದ ಅವತಾರ. ಅದರ ಮೈ ಫೈಬರ್ ಗ್ಲಾಸಿನದು. ತುಕ್ಕೆಂಬ ಶತ್ರು ಅದನ್ನು ಮುಟ್ಟಲಾರದು. ಆದರೆ ಅಲ್ಲಿಯೂ ಒಂದು ಸ್ವಾರಸ್ಯವಿದೆ. ಉಕ್ಕಿನ ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಯಿಂದ ತಂತಿಯ ಮೂಲಕ ದೀಪಕ್ಕೆ ಹೋಗಿ, ಕಾರಿನ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಫೈಬರಿನ ಮೈಯಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಮರಳುವ ದಾರಿಗೂ ಬೇರೆ ತಂತಿ ಎಳೆಯಬೇಕು. ಒಂದು ಕಷ್ಟ ಕಳೆದರೆ ಇನ್ನೊಂದು ಕಷ್ಟ ಅದರ ಜಾಗಕ್ಕೆ ಬರುವುದು ಯಂತ್ರಲೋಕದ ನಿಯಮ.

ಇಕ್ಕಟ್ಟಿನ ಹಿಂದೆ ಇನ್ನೂ ಒಂದು ಕಾರಣವುಂಟು. ಅದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಕಾರ್ಖಾನೆಯಲ್ಲಿ ಕಾರನ್ನು ಒಳಗಿನಿಂದ ಹೊರಕ್ಕೆ ಕಟ್ಟುತ್ತಾರೆ. ಬರಿಯ ಮೈ ಬರುತ್ತದೆ. ಅದಕ್ಕೆ ತಂತಿಗಳ ಕಟ್ಟು ಹಾಕುತ್ತಾರೆ. ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಪ್ರತಿಯೊಂದನ್ನು ಬಿಗಿಯುವಾಗಲೂ ಮುಂದಿನದು ಇನ್ನೂ ಬಂದಿರುವುದಿಲ್ಲ, ಕೈಗೆ ಜಾಗವಿರುತ್ತದೆ. ರಿಪೇರಿ ಮಾಡುವವನಾದರೋ ಹೊರಗಿನಿಂದ ಒಳಕ್ಕೆ ಬರಬೇಕು. ಕಟ್ಟಿದವನಿಗೆ ಮೊದಲನೆಯದಾದುದು ಇವನಿಗೆ ಕೊನೆಯದು. ಹತ್ತು ರೂಪಾಯಿಯ ಬಲ್ಬು ಬದಲಿಸಲು ಅರ್ಧ ದಿನ ಬಿಚ್ಚಬೇಕಾದುದು ಈ ಕಾರಣದಿಂದಲೇ ಹೊರತು ಯಾರ ದುರುದ್ದೇಶದಿಂದಲೂ ಅಲ್ಲ. ಬೆವರು ಸುರಿಸುವಾಗ ಇದು ನೆನಪಿಗೆ ಬರುವುದಿಲ್ಲ, ಆ ಮಾತು ಬೇರೆ.

ನಮ್ಮ ಗಾಡಿಯ ಕಾಯಿಲೆ ಹೀಗಿತ್ತು. ಮನೆಯಿಂದ ಹೊರಟು ಎರಡು ಮೈಲಿ ಹೋಗುವುದರೊಳಗೆ ಎಂಜಿನ್ನು ಇದ್ದಕ್ಕಿದ್ದಂತೆ ನಿಂತುಬಿಡುವುದು. ಕಾಲು ಗಂಟೆ ಕಾದರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಹೊಸಪೇಟೆಯ ಗ್ಯಾರೇಜೊಂದಕ್ಕೆ ಲಾರಿಯ ಹಿಂದೆ ಕಟ್ಟಿಕೊಂಡು ಹೋದೆ. ಅವರು ಕಾರ್ಬ್ಯುರೇಟರು ತೊಳೆದು ಕೊಟ್ಟರು. ಹಿಂದಿರುಗುವಾಗ ದಾರಿಯಲ್ಲಿಯೇ ಎರಡು ಸಲ ನಿಂತಿತು. ಅಂದಿನಿಂದ ಚಿಕಿತ್ಸೆಯನ್ನು ನಾನೇ ವಹಿಸಿಕೊಂಡೆ.

ಮೊದಲ ಅನುಮಾನ ಪೆಟ್ರೋಲಿನ ಮೇಲೆ. ಬಳ್ಳಾರಿ ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ತಮಗೆ ತಿಳಿದದ್ದೇ. ಆ ಸೆಖೆಗೆ ಎಂಜಿನ್ನಿನ ಕಾವೂ ಕೂಡಿದರೆ ಕೊಳವೆಯಲ್ಲಿಯೇ ಪೆಟ್ರೋಲು ಕುದಿದು ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲುದು, ಆವಿಯನ್ನು ಎಳೆಯಲಾರದು. ಎಂಜಿನ್ನು ಉಪವಾಸ ಬಿದ್ದು ನಿಲ್ಲುತ್ತದೆ. ಹಳೆಯ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕಾಗಿ. ನಾನೂ ಹಾಕಿದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ಮೆತ್ತಗಾಗಿಸುವುದೆಂದು ಕೊಳವೆಗಳನ್ನೆಲ್ಲ ಬದಲಿಸಿದೆ. ಗಾಡಿ ನಿಲ್ಲುವುದನ್ನು ನಿಲ್ಲಿಸಲಿಲ್ಲ.

ಎರಡನೆಯ ಅನುಮಾನ ಕಿಡಿಯ ಮೇಲೆ. ಇದನ್ನು ಸ್ವಲ್ಪ ವಿವರಿಸಬೇಕು. ಬ್ಯಾಟರಿಯಲ್ಲಿ ಇರುವುದು ಹನ್ನೆರಡು ವೋಲ್ಟು. ಪ್ಲಗ್ಗಿನಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟು ಬೇಕು. ಕಾಯಿಲು ಎಂಬ ಸುರುಳಿಯಲ್ಲಿ ವಿದ್ಯುತ್ತನ್ನು ಹರಿಯಗೊಟ್ಟು ಫಕ್ಕನೆ ಕಡಿದರೆ, ಅದರ ಒಳಗಿನ ಇನ್ನೊಂದು ಸುರುಳಿಯಲ್ಲಿ ಆ ಎತ್ತರದ ವೋಲ್ಟು ಹುಟ್ಟುತ್ತದೆ. ಹೀಗೆ ಕಡಿಯುವ ಕೆಲಸ 'ಪಾಯಿಂಟು' ಎಂಬ ಪುಟ್ಟ ಲೋಹದ ತುಟಿಗಳದ್ದು. ಅವು ತೆರೆದಾಗ ನಡುವಣ ಸಂದು ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಿದ್ದರೆ, ನಾಲ್ಕು ಸಿಲಿಂಡರುಗಳಿಗೆ ಸುತ್ತಿಗೆ ಎರಡರಂತೆ, ಸೆಕೆಂಡಿಗೆ ನೂರು ಸಲ ಆ ತುಟಿಗಳು ತೆರೆದು ಮುಚ್ಚಬೇಕು. ಇಷ್ಟು ದುಡಿಯುವವರು ಸೋತಿರಬೇಕೆಂದು ಪಾಯಿಂಟು ಬದಲಿಸಿದೆ, ಕಂಡೆನ್ಸರು ಬದಲಿಸಿದೆ. ಪರಿಚಿತರ ಮೂಲಕ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಾಯಿಲು ತರಿಸಿ ಅದನ್ನೂ ಬದಲಿಸಿದೆ. ಎಲ್ಲವೂ ಹೊಸತಾದುವು; ಕಾಯಿಲೆಯೊಂದು ಹಳೆಯದೇ ಉಳಿಯಿತು.

ಈ ಬಿಚ್ಚಾಟದ ನಡುವೆ ನಟ್ಟೊಂದು ನನಗೆ ಕಲಿಸಿದ ಪಾಠವನ್ನು ಹೇಳದಿರಲಾರೆ. ನಟ್ಟಿಗೆ ಆರು ಮುಖ. ಸ್ಪ್ಯಾನರನ್ನು ಒಂದು ಹಿಡಿತದಿಂದ ಮುಂದಿನ ಹಿಡಿತಕ್ಕೆ ಒಯ್ಯಬೇಕಾದರೆ ಅರವತ್ತು ಡಿಗ್ರಿ ತಿರುಗಿಸಲು ಜಾಗ ಬೇಕು. ಇಕ್ಕಟ್ಟಿನಲ್ಲಿ ಅಷ್ಟು ಜಾಗವೆಲ್ಲಿ? ತೆರೆದ ಬಾಯಿಯ ಸ್ಪ್ಯಾನರಿನ ತಲೆ ಹಿಡಿಯ ನೇರಕ್ಕೆ ಇರದೆ ಹದಿನೈದು ಡಿಗ್ರಿ ಓರೆಯಾಗಿರುವುದನ್ನು ತಾವು ನೋಡಿರಬಹುದು. ಅದು ತಯಾರಿಸಿದವನ ಅಜಾಗ್ರತೆಯೆಂದೇ ನಾನು ಬಹುಕಾಲ ತಿಳಿದಿದ್ದೆ. ನಿಜವಾಗಿ ಅದರಲ್ಲಿ ದೊಡ್ಡ ವಿವೇಕವಿದೆ. ಒಂದು ಸಲ ತಿರುಗಿಸಿ, ಸ್ಪ್ಯಾನರನ್ನು ಮಗುಚಿ ಹಿಡಿದರೆ, ಆ ಓರೆ ಮತ್ತೊಂದು ಕಡೆಗೆ ಬಂದು, ಮೂವತ್ತು ಡಿಗ್ರಿಯ ಜಾಗದಲ್ಲಿಯೇ ನಟ್ಟು ಮುಂದುವರಿಯುತ್ತದೆ. ತಿರುಗಿಸು, ಮಗುಚು, ತಿರುಗಿಸು, ಮಗುಚು. ಒಂದು ಸುತ್ತಿಗೆ ಹನ್ನೆರಡು ಸಲ. ಜಪಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ.

ಜಪ ಫಲಿಸದಂತೆ ಮಾಡುವುದು ತುಕ್ಕು. ಕಬ್ಬಿಣವು ತುಕ್ಕಾದಾಗ ಸವೆಯುತ್ತದೆ ಎನ್ನುತ್ತೇವೆ. ಆದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಕೂದಲೆಳೆಯಷ್ಟು ಸಂದಿನಲ್ಲಿ ಅದು ಉಬ್ಬಿ ಬೆಣೆಯಂತೆ ಕೂರುತ್ತದೆ. ಆಗ ಬಲ ಪ್ರಯೋಗಿಸಿದರೆ ಬೋಲ್ಟೇ ಮುರಿಯುತ್ತದೆ. ನಾನು ಎರಡನ್ನು ಮುರಿದೆ. ಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ, ಒಂದು ರಾತ್ರಿ ಕಾದಿದ್ದರೆ ಎರಡೂ ಉಳಿಯುತ್ತಿದ್ದುವು. ಕಾಯುವುದೂ ಒಂದು ಉಪಕರಣವೆಂಬುದು ಉಪಕರಣಗಳ ಅಂಗಡಿಯಲ್ಲಿ ತಿಳಿಯುವುದಿಲ್ಲ. ಇನ್ನು, ಬೆರಳ ತುದಿಯಿಂದ ಜಾರಿದ ವಾಷರು ನೆಲಕ್ಕೆ ಬೀಳದೆ, ಯಾವುದೋ ಅಡ್ಡಪಟ್ಟಿಯ ಸಂದಿಯನ್ನು ಹುಡುಕಿ ಅಲ್ಲಿಯೇ ಅಡಗುವ ರಹಸ್ಯವನ್ನು ಯಾವ ಭೌತಶಾಸ್ತ್ರವೂ ನನಗೆ ಬಿಡಿಸಿ ಹೇಳಿಲ್ಲ.

ಹೀಗೆ ಆರು ವಾರಗಳಾದುವು. ಮನೆಯಲ್ಲಿ ಗುಜರಿಯವನ ಮಾತು ಮತ್ತೆ ಎದ್ದಿತು. ಅದರಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಹಳೆಯ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನವರೆಗೆ ಆರು ನೂರು ರೂಪಾಯಿ ಇದ್ದ ಅದರ ಶುಲ್ಕ ಐದು ಸಾವಿರಕ್ಕೇರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಹತ್ತು ಸಾವಿರವಾಯಿತು. ಓಡದ ಗಾಡಿಗೆ ಆ ಹಣವೇಕೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಐವತ್ತು ವರ್ಷ ತುಂಬಿದ, ಮೂಲರೂಪ ಕೆಡದ ವಾಹನಗಳಿಗೆ ಸರಕಾರವು 2021ರ ನಿಯಮದಲ್ಲಿ 'ವಿಂಟೇಜ್' ಎಂಬ ಗೌರವದ ಪೀಠ ಕೊಟ್ಟಿದೆ. ನಮ್ಮದಕ್ಕೆ ಆ ವಯಸ್ಸು ತುಂಬುವುದು 2028ರಲ್ಲಿ. ಆದರೆ ಆ ಪೀಠವೇರಿದ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದೇ ವಿನಾ ದಿನನಿತ್ಯ ಓಡಿಸುವಂತಿಲ್ಲ. ಇದನ್ನು ತಂದೆಯವರಿಗೆ ಓದಿ ಹೇಳಿದೆ. ಅವರು ಹಂಪಿಯ ಕಲ್ಲಿನ ರಥವನ್ನು ನೆನೆದರು. ವಿಠಲನ ಗುಡಿಯ ಮುಂದಿನ ಆ ರಥದ ಚಕ್ರಗಳು ಹಿಂದೆ ತಿರುಗುತ್ತಿದ್ದುವು. ಬಂದವರೆಲ್ಲ ತಿರುಗಿಸಿ ಸವೆಸುವರೆಂದು ಅವನ್ನು ಅಲುಗದಂತೆ ಭದ್ರಪಡಿಸಲಾಗಿದೆ. "ಓಡದ ತೇರು ದೇವರಿಗೆ ಒಪ್ಪೀತು, ನಮಗೆ ಬೇಡ" ಎಂದರು. ಗಾಡಿಯನ್ನು ಕುರಿತು ಆ ಆರು ವಾರಗಳಲ್ಲಿ ಅವರಾಡಿದ ಮೊದಲ ಮಾತು ಅದು.

ಎರಡನೆಯ ಮಾತು ಒಂದು ಪ್ರಶ್ನೆ. "ನಿಂತುಹೋದಾಗ ಕೆಂಪು ದೀಪ ಹತ್ತುತ್ತದೆಯೋ?"

ನಾನು ನೋಡಿರಲಿಲ್ಲ. ಕಣ್ಣಿದ್ದೂ ನೋಡಿರಲಿಲ್ಲ. ಆ ಪ್ರಶ್ನೆಯ ಮರ್ಮ ಇಷ್ಟು: ಕೀಲಿ ತಿರುಗಿಸಿದ್ದು, ಎಂಜಿನ್ನು ಓಡದೆ ಇದ್ದಾಗ, ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲವೆಂದು ಸೂಚಿಸುವ ಕೆಂಪು ದೀಪ ಹೊಳೆಯಬೇಕು. ಪೆಟ್ರೋಲಿಲ್ಲದೆ ನಿಂತರೂ ಅದು ಹೊಳೆಯುತ್ತದೆ. ಪಾಯಿಂಟು ಕೆಟ್ಟು ನಿಂತರೂ ಹೊಳೆಯುತ್ತದೆ. ಹೊಳೆಯಲಿಲ್ಲವೆಂದರೆ ದೀಪಕ್ಕೂ ಕಾಯಿಲಿಗೂ ಸಮಾನವಾದ ಮೂಲದಲ್ಲಿಯೇ ವಿದ್ಯುತ್ತು ಕಡಿದಿದೆ ಎಂದರ್ಥ. ಮರುದಿನ ಕಂಪ್ಲಿಯ ದಾರಿಯಲ್ಲಿ ಗಾಡಿ ನಿಂತಾಗ ನೋಡಿದೆ. ದೀಪ ಹತ್ತಿರಲಿಲ್ಲ. ನಾನು ಬದಲಿಸಿದ ಸಾಮಾನುಗಳೆಲ್ಲವೂ ನಿರಪರಾಧಿಗಳು. ದೋಷವಿದ್ದುದು ಕೀಲಿಯ ಸ್ವಿಚ್ಚಿನ ಹಿಂದೆ.

ಸ್ವಿಚ್ಚಿನ ಹಿಂದೆ ಎಂದರೆ ಡ್ಯಾಶ್‌ಬೋರ್ಡಿನ ಒಳಗೆ. ಅಲ್ಲಿಗೆ ಹೋಗುವ ವಿಧಾನವನ್ನು ವರ್ಣಿಸಲು ಸಂಕೋಚವಾಗುತ್ತದೆ. ಸೀಟಿನ ಒರಗಿನ ಮೇಲೆ ಕಾಲು, ಸೀಟಿನ ಮೇಲೆ ಸೊಂಟ, ಪೆಡಲುಗಳ ನಡುವೆ ತಲೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡರೆ ಅದರ ಬೆಳಕು ಬೀಳುವುದು ಸ್ವಂತ ಕೈಯ ಮೇಲೆ. ಕೈ ಒಳಗೆ ಹೋದೊಡನೆ ನೋಡಬೇಕಾದುದು ಕೈಯ ಹಿಂದೆ ಮರೆಯಾಗುತ್ತದೆ. ಕೈ ತೆಗೆದರೆ ಕಾಣುತ್ತದೆ, ಕೆಲಸವಾಗದು. ಕೈ ಹಾಕಿದರೆ ಕೆಲಸವಾದೀತು, ಕಾಣದು. ಇಕ್ಕಟ್ಟಿನ ಸಕಲ ಸಂಕಟದ ಸಾರ ಇದೇ. ಮೇಲಾಗಿ, ಭತ್ತದ ಸೀಮೆಯ ಇಲಿಗಳು ಅಲ್ಲಿ ಹಿಂದೊಮ್ಮೆ ಬಾಣಂತನ ಮಾಡಿದ ಗುರುತುಗಳು ನನ್ನ ಮುಖದ ಮೇಲೆಯೇ ಉದುರಿದುವು. ಎರಡು ದಿನ ಹೀಗೆ ಶೀರ್ಷಾಸನ ಹಾಕಿ ಸೋತು ಹೊರಬಂದೆ.

ಬೇವಿನ ಕೆಳಗೆ ಕುಳಿತಿದ್ದ ತಂದೆಯವರು ಎದ್ದು ಬಂದರು. ಬಾಗಿಲನ್ನು ತಡವಿ, ಚಾಲಕನ ಸೀಟಿನಲ್ಲಿ ಕುಳಿತರು. ಎಷ್ಟೋ ವರ್ಷಗಳಿಂದ ಅಲ್ಲಿ ಕುಳಿತಿರಲಿಲ್ಲ. "ಬ್ಯಾಟರಿಯ ತಂತಿ ಕಳಚು" ಎಂದರು. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವ ಮೊದಲು ಮಾಡಲೇಬೇಕಾದ ಕೆಲಸವದು. ಕಳಚಿದೆ. ಆಮೇಲೆ ನೆಟ್ಟಗೆ ಕುಳಿತಂತೆಯೇ, ಮುಖವನ್ನು ರಸ್ತೆಯ ಕಡೆಗೆ ಮಾಡಿಕೊಂಡು, ಬಲಗೈಯನ್ನು ಡ್ಯಾಶ್‌ಬೋರ್ಡಿನ ಕೆಳಗಿನಿಂದ ಒಳಗೆ ಬಿಟ್ಟರು. ತಲೆಯನ್ನು ಒಳಗೆ ತೂರಿಸುವ ಅಗತ್ಯ ಅವರಿಗಿರಲಿಲ್ಲ; ನೋಡಬೇಕೆಂಬ ಆಸೆಯನ್ನು ಬಿಟ್ಟವರಿಗೆ ತಲೆ ಅಲ್ಲಿ ಬೇಡ. ಬೆರಳುಗಳು ತಂತಿಗಳನ್ನು ಒಂದೊಂದಾಗಿ ಎಣಿಸುತ್ತ ಹೋದುವು. ಸ್ವಲ್ಪ ಹೊತ್ತಿಗೆ "ಇದು ಅಲುಗುತ್ತದೆ" ಎಂದರು. ಅರ್ಧ ಸುತ್ತಿನಷ್ಟು ಸಡಿಲವಾದ ಒಂದು ಪುಟ್ಟ ನಟ್ಟು. ಗಾಡಿ ಗುಂಡಿಗೆ ಇಳಿದಾಗ ತಂತಿಯ ಉಂಗುರ ಅದರ ಕೆಳಗೆ ಅಲುಗಿ ಸಂಪರ್ಕ ತಪ್ಪುತ್ತಿತ್ತು. ನಿಂತು ಕಾದ ಮೇಲೆ ಬಾಗಿಲು ತೆಗೆದು ಹಾಕುವ ಕುಲುಕಾಟದಲ್ಲಿ ಮತ್ತೆ ಕೂಡುತ್ತಿತ್ತು. ಸೆಖೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವರು ಬೆರಳಿನಿಂದಲೇ ತಿರುಗಿಸಿದರು; ಕೊನೆಯ ಬಿಗಿಗೆ ಮಾತ್ರ ಸ್ಪ್ಯಾನರು ಕೇಳಿದರು. ಯಾವ ನಂಬರೆಂದು ನಾನು ಕೇಳುವ ಮೊದಲೇ ನಂಬರನ್ನೂ ಹೇಳಿದರು.

ಇದನ್ನು ಪವಾಡವೆಂದು ತಾವು ಭಾವಿಸಬಾರದು. ನಲವತ್ತು ವರ್ಷ ಆ ಗಾಡಿಯ ಒಳಗನ್ನು ತಡವಿದ ಕೈಗೆ ಅಲ್ಲಿಯ ಓಣಿಗಳು ತಿಳಿದಿದ್ದುವು, ಅಷ್ಟೇ. ಇಕ್ಕಟ್ಟಾದ ಯಂತ್ರದಲ್ಲಿ ದುಡಿಯುವವರೆಲ್ಲರೂ ಕೊನೆಗೆ ಕುರುಡರಂತೆಯೇ ದುಡಿಯಬೇಕು. ನುರಿತವನಿಗೂ ಎಳಸನಿಗೂ ಇರುವ ಅಂತರ, ನುರಿತವನು ಅದನ್ನು ಒಪ್ಪಿಕೊಂಡಿರುತ್ತಾನೆ ಎಂಬುದೇ. ನಾನು ಕಣ್ಣನ್ನು ಒಯ್ಯಲು ಹೆಣಗಿ ಎರಡು ದಿನ ಕಳೆದೆ. ಅವರು ಬೆರಳನ್ನು ಕಳುಹಿಸಿ ಹತ್ತು ನಿಮಿಷದಲ್ಲಿ ಮುಗಿಸಿದರು. ಅದಕ್ಕೂ ಮೊದಲು, ಒಂದು ದೀಪವನ್ನು ಗಮನಿಸದೆ ಆರು ವಾರ ಸಾಮಾನು ಬದಲಿಸಿದ್ದೆ.

ಆದುದರಿಂದ ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ನಾನು ಹೇಳಬಹುದಾದುದು ಮೂರೇ ಮಾತು. ಬಿಚ್ಚುವ ಮೊದಲು ಗಮನಿಸಿ. ಕೆಟ್ಟ ಗಾಡಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತಿರುತ್ತದೆ. ತುಕ್ಕಿನೊಡನೆ ಜಗಳವಾಡಬೇಡಿ, ಒಂದು ರಾತ್ರಿ ಬಿಟ್ಟುಕೊಡಿ. ಮೂರನೆಯದಾಗಿ, ಆ ಗಾಡಿಯನ್ನು ಮೊದಲು ಓಡಿಸಿದವರು ಇನ್ನೂ ಇದ್ದರೆ, ಅವರನ್ನು ಕೇಳಿ. ಈ ಗಾಡಿಗಳ ಬಿಡಿಭಾಗಗಳನ್ನು ಇಂದಿಗೂ ಹೇಗೋ ಹುಡುಕಿ ತರಬಹುದು. ಬೆರಳಲ್ಲಿ ಉಳಿದ ತಿಳಿವು ಯಾವ ಗುಜರಿಯಲ್ಲಿಯೂ ಸಿಗುವುದಿಲ್ಲ.

ನೋಂದಣಿಯ ಹತ್ತು ಸಾವಿರವನ್ನು ಕಟ್ಟಿದೆವು. ಆ ವಾರವೇ ತಂದೆಯವರನ್ನು ಕೂರಿಸಿಕೊಂಡು ಹಂಪಿಗೆ ಹೋದೆ. ಈಗ ವಿಠಲನ ಗುಡಿಯವರೆಗೆ ನಮ್ಮಂಥವರ ವಾಹನಗಳನ್ನು ಬಿಡುವುದಿಲ್ಲ. ಗೆಜ್ಜಲ ಮಂಟಪದ ಬಳಿ ಇಳಿದು ಬ್ಯಾಟರಿಯ ಬಂಡಿ ಹತ್ತಬೇಕು. ತಂದೆಯವರು ಕಲ್ಲಿನ ರಥದ ಎದುರು ನಿಂತು, ಅದರ ಆಕಾರವನ್ನಷ್ಟೇ ಕಂಡು, ಹಿಂದಿರುಗಿ ಬಂದರು. ಗಾಡಿಯನ್ನೇರಿ ಕುಳಿತು ಬಾಗಿಲು ಹಾಕಿಕೊಂಡ ಮೇಲೆ, ಎಡಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು "ಹೊರಡು" ಎಂದರು. ಕೀಲಿ ತಿರುಗಿಸಿದೆ. ಕೆಂಪು ದೀಪ ಹತ್ತಿತು. ಎಂಜಿನ್ನು ಹೊರಟೊಡನೆ ಆರಿತು.

"ಹತ್ತಿ ಆರಿತೇ?" ಎಂದು ಕೇಳಿದರು.

ಆರಿತು ಎಂದೆ.